ಸೇವಾ ಸಂಸ್ಥೆಗಳು ಮತ್ತು ನಮ್ಮ ನಾಲ್ಕು ತಾಲ್ಲೂಕುಗಳು

(ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ನನಗೆ ಕೊಟ್ಟಿರುವ ವಿಷಯ ಸೇವಾ ಸಂಸ್ಥೆಗಳ ಬೆಳವಣಿಗೆ. ಇದನ್ನು ಯಾಕೆ ಕೊಟ್ಟರು ಎಂಬುದು ಇಲ್ಲಿರುವ ಬಹಳ ಮಂದಿಗೆ ಗೊತ್ತು. ನಮ್ಮ ಹಳೆಯ ವಿದ್ಯಾರ್ಥಿಗಳ ಸಂಘವನ್ನು ಹೀಗೆಯೇ ಉಳಿಸಿಕೊಳ್ಳಬೇಕೋ, ಇಲ್ಲ ಲಯನ್ಸ್, ರೋಟರಿಯಂಥ ಒಂದು ದೊಡ್ಡ ಸಂಸ್ಥೆಯ ಸನ್ನದು ತೆಗೆದುಕೊಂಡು ಕ್ಲಬ್ ಆಗಬೇಕೋ ಎಂಬ ಚರ್ಚೆ ಒಂದು ವರ್ಷದಿಂದ ನಡೆಯುತ್ತಿದೆ. ಎರಡೂ ಕಡೆಯವರು ನನಗೆ ಫೋನ್ ಮಾಡಿದ್ದಾರೆ. ಬೆಂಗಳೂರಿನಲ್ಲಿ ಕೆಲವು ವರ್ಷದಿಂದ ನಾನೂ ಇಂಥ ಒಂದು ಕ್ಲಬ್ಬಿನ ಸದಸ್ಯ. ಹಾಗಾಗಿ, ನಿಂಗೆ ಒಳಗಿನದ್ದು ಗೊತ್ತು, ನೀನೇ ಹೇಳು ಎಂದು ಮೈಕು ಕೈಗೆ ಕೊಟ್ಟಿದ್ದಾರೆ.

ಮೊದಲು ಮಕ್ಕಳಿಗಾಗಿ ಸ್ವಲ್ಪ ಹಳೆಯ ಕಥೆ.

1905ರ ಫೆಬ್ರವರಿ 23ರಂದು ಅಮೆರಿಕದ ಶಿಕಾಗೋ ನಗರದಲ್ಲಿ ನಾಲ್ಕು ಜನ ಒಂದು ಆಫೀಸಿನಲ್ಲಿ ಸೇರಿದರು. ಒಬ್ಬ ವಕೀಲ, ಒಬ್ಬ ಕಲ್ಲಿದ್ದಲು ವ್ಯಾಪಾರಿ, ಒಬ್ಬ ಗಣಿ ಇಂಜಿನಿಯರ್, ಇನ್ನೊಬ್ಬ ಬಟ್ಟೆ ಹೊಲಿಸಿಕೊಡುವ ವರ್ತಕ. ವಕೀಲನ ಹೆಸರು ಪಾಲ್ ಹ್ಯಾರಿಸ್. ಚಿಕ್ಕ ಊರಿನಲ್ಲಿ ಬೆಳೆದವನು. ದೊಡ್ಡ ಪಟ್ಟಣದಲ್ಲಿ ಕೆಲಸ ಸಿಕ್ಕಿತ್ತು, ನಾಲ್ಕು ಮಾತಾಡುವವರು ಸಿಕ್ಕಿರಲಿಲ್ಲ. ನಮ್ಮೂರಿನಿಂದ ಬೆಂಗಳೂರಿಗೆ ಹೋಗಿ ಪೀಜಿಯಲ್ಲಿ ಮೊದಲ ಆರು ತಿಂಗಳು ಕಳೆದವರಿಗೆ ಈ ಕಷ್ಟವನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಭೆ ಒಂದೊಂದು ಸಲ ಒಬ್ಬೊಬ್ಬರ ಆಫೀಸಿನಲ್ಲಿ, ಸರದಿಯ ಮೇಲೆ ನಡೆಯುತ್ತಿತ್ತು. ಸರದಿ ತಿರುಗುವುದರಿಂದ ರೋಟರಿ ಎಂಬ ಹೆಸರು ಬಂತು. ಶುರುವಾದದ್ದು ಸ್ನೇಹಕ್ಕೆ ಮತ್ತು ಪರಸ್ಪರ ವ್ಯಾಪಾರಕ್ಕೆ. ಎರಡು ವರ್ಷದ ಮೇಲೆ, 1907ರಲ್ಲಿ, ಊರಿಗಾಗಿ ಏನಾದರೂ ಮಾಡೋಣ ಎಂದು ಅವರು ಕೈಹಾಕಿದ ಮೊದಲ ಕೆಲಸ ಸಾರ್ವಜನಿಕ ಶೌಚಾಲಯ ಕಟ್ಟಿಸುವುದು. ನಗಬೇಡಿ ಮಕ್ಕಳೇ. ನಮ್ಮ ಶಾಲೆಯಲ್ಲಿ ಹೆಣ್ಣುಮಕ್ಕಳಿಗೆ ಬೇರೆ ಶೌಚಾಲಯ ಬರುವುದಕ್ಕೆ ಎಷ್ಟು ವರ್ಷ ಹಿಡಿಯಿತು ಎಂದು ನಿಮ್ಮ ಅಕ್ಕಂದಿರನ್ನು ಕೇಳಿ.

ಅದೇ ಶಿಕಾಗೋದಲ್ಲಿ 1917ರಲ್ಲಿ ಮೆಲ್ವಿನ್ ಜೋನ್ಸ್ ಎಂಬ ವಿಮಾ ವ್ಯವಹಾರದವರು ಬೇರೆ ಬೇರೆ ಕ್ಲಬ್ಬುಗಳನ್ನು ಒಂದುಗೂಡಿಸಿ ಲಯನ್ಸ್ ಕಟ್ಟಿದರು. ಮೂರೇ ವರ್ಷದಲ್ಲಿ, 1920ಕ್ಕೆ, ಅದು ಕೆನಡಾಕ್ಕೆ ದಾಟಿತ್ತು. 1925ರಲ್ಲಿ ಹೆಲನ್ ಕೆಲರ್ ಅವರ ಸಮ್ಮೇಳನಕ್ಕೆ ಹೋಗಿ, ಕುರುಡುತನದ ವಿರುದ್ಧ ನೀವು ನಿಲ್ಲಬೇಕು ಎಂದು ಕೇಳಿಕೊಂಡರು. ಕಣ್ಣೂ ಇಲ್ಲದ, ಕಿವಿಯೂ ಕೇಳದ ಒಬ್ಬ ಹೆಣ್ಣುಮಗಳ ಅಂದಿನ ಮಾತಿನಿಂದಲೇ, ಇಷ್ಟು ವರ್ಷದ ಮೇಲೂ, ಲಯನ್ಸ್ ಎಂದ ಕೂಡಲೇ ನಮ್ಮ ಹಳ್ಳಿಯವರಿಗೆ ಕಣ್ಣಿನ ಕ್ಯಾಂಪು ನೆನಪಾಗುವುದು.

ನಮ್ಮ ದೇಶಕ್ಕೆ ರೋಟರಿ 1920ರಲ್ಲಿ ಕಲ್ಕತ್ತೆಯ ಮೂಲಕ ಬಂತು. ಬೆಂಗಳೂರಿಗೆ ಬಂದದ್ದು 1934ರಲ್ಲಿ. ಲಯನ್ಸ್ ಬಂದದ್ದು ಸ್ವಾತಂತ್ರ್ಯದ ನಂತರ, 1956ರಲ್ಲಿ, ಮುಂಬಯಿಗೆ. ಕನ್ನಡನಾಡು ಒಂದಾದ ವರ್ಷವೂ ಅದೇ. ತಡವಾಗಿ ಬಂದರೂ ತಾಲ್ಲೂಕು ಕೇಂದ್ರಗಳಲ್ಲಿ ಲಯನ್ಸ್ ಬೇಗ ಬೇರು ಬಿಟ್ಟಿತು. ಅದಕ್ಕೆ ನನಗೆ ತೋಚುವ ಕಾರಣ ಇದು. ರೋಟರಿಯಲ್ಲಿ ಹಿಂದೆ ಒಂದು ವೃತ್ತಿಗೆ ಒಬ್ಬರೇ ಸದಸ್ಯರು ಎಂಬ ನಿಯಮವಿತ್ತು. ಬೆಂಗಳೂರಿನಲ್ಲಿ ಅದು ನಡೆಯುತ್ತದೆ. ಆ ಕಾಲದ ನಾಗಮಂಗಲದಲ್ಲೋ ಕೆ.ಆರ್. ಪೇಟೆಯಲ್ಲೋ ಒಬ್ಬ ಡಾಕ್ಟರು, ಒಬ್ಬ ವಕೀಲರು, ಒಬ್ಬ ಅಕ್ಕಿ ಗಿರಣಿಯವರು, ಒಬ್ಬ ಕಂಟ್ರಾಕ್ಟರು, ಒಬ್ಬ ಔಷಧಿ ಅಂಗಡಿಯವರು ಎಂದು ಎಣಿಸಿದರೆ ಹತ್ತು ದಾಟುವಷ್ಟರಲ್ಲಿ ವೃತ್ತಿಗಳೇ ಮುಗಿಯುತ್ತವೆ. ಉಳಿದವರೆಲ್ಲ ರೈತರು. ಲಯನ್ಸ್‌ನಲ್ಲಿ ಆ ತೊಡಕು ಇರಲಿಲ್ಲ.

ಹೆಣ್ಣುಮಕ್ಕಳ ವಿಷಯದಲ್ಲಿ ಮಾತ್ರ ಎರಡೂ ಸಂಸ್ಥೆಗಳು ಒಂದೇ ಥರ ಹಿಂದೆ ಬಿದ್ದಿದ್ದವು. 1987ರವರೆಗೆ ಲಯನ್ಸ್ ಮಹಿಳೆಯರನ್ನು ಸಮಾನ ಸದಸ್ಯರಾಗಿ ಸೇರಿಸಿಕೊಂಡಿರಲಿಲ್ಲ. ಅದೇ ವರ್ಷ ಅಮೆರಿಕದ ಸುಪ್ರೀಂ ಕೋರ್ಟಿನ ತೀರ್ಪು ಬಂದ ಮೇಲೆ ರೋಟರಿಯ ಬಾಗಿಲೂ ತೆರೆಯಿತು. ನಮ್ಮ ಸಂಘದಲ್ಲಿ ಈಗಲೂ ಹದಿನೈದು ಜನರ ಸಮಿತಿಗೆ ಇಬ್ಬರೇ ಹೆಣ್ಣುಮಕ್ಕಳು. ಇದನ್ನು ಸುಮ್ಮನೆ ಹೇಳಿದೆ, ಅಧ್ಯಕ್ಷರು ಬೇಸರ ಮಾಡಿಕೊಳ್ಳಬಾರದು.

ಈಗ ನಾನು ನಿಜವಾಗಿ ಮಾತಾಡಬೇಕಾದ ಭಾಗಕ್ಕೆ ಬರುತ್ತೇನೆ. ಕ್ಲಬ್ಬುಗಳು ಹೆಚ್ಚಾದ ಹಾಗೆ ಅವುಗಳನ್ನು ಭಾಗ ಮಾಡಬೇಕಾಗುತ್ತದೆ. ರೋಟರಿಯಲ್ಲಿ 1915ರಲ್ಲೇ ಜಿಲ್ಲೆಗಳು ಬಂದವು, ಒಂದೊಂದು ಜಿಲ್ಲೆಗೆ ಒಬ್ಬ ಗವರ್ನರ್ ಬಂದರು. ಕನ್ನಡದಲ್ಲಿ ಅದನ್ನು ‘ಜಿಲ್ಲಾ ರಾಜ್ಯಪಾಲರು’ ಎಂದು ಮಾಡಿಕೊಂಡಿದ್ದೇವೆ. ನಾನು ಚಿಕ್ಕವನಿದ್ದಾಗ ಒಂದು ಆಹ್ವಾನ ಪತ್ರಿಕೆಯಲ್ಲಿ ಈ ಪದ ನೋಡಿ, ರಾಜಭವನದಿಂದಲೇ ಯಾರೋ ಬರುತ್ತಾರೆ ಎಂದು ಊರವರು ರಸ್ತೆಗೆ ನೀರು ಹಾಕಿ ಗುಡಿಸಿದ್ದರು. ಬಂದವರು ಬಿಳಿ ಅಂಬಾಸಿಡರ್ ಕಾರಿನಲ್ಲಿ ಬಂದ ಒಬ್ಬ ಸಜ್ಜನ ದಂತವೈದ್ಯರು.

ಈ ‘ಜಿಲ್ಲೆ’ಗೂ ನಾವು ಅರ್ಜಿ ಕೊಡಲು ಹೋಗುವ ಜಿಲ್ಲೆಗೂ ಸಂಬಂಧವಿಲ್ಲ. ಲಯನ್ಸ್‌ನಲ್ಲಿ ಒಂದು ಜಿಲ್ಲೆ ಆಗಬೇಕಾದರೆ ಕನಿಷ್ಠ 35 ಕ್ಲಬ್ಬು, 1250 ಸದಸ್ಯರು ಬೇಕು. ಜಿಲ್ಲೆಯೊಳಗೆ 10ರಿಂದ 16 ಕ್ಲಬ್ಬಿಗೆ ಒಂದು ಪ್ರಾಂತ್ಯ, ಅದರೊಳಗೆ 4ರಿಂದ 8 ಕ್ಲಬ್ಬಿಗೆ ಒಂದು ವಲಯ. ಹೊಸ ಕ್ಲಬ್ಬು ಹುಟ್ಟಬೇಕಾದರೆ 20 ಜನ ಬೇಕು. ಒಂದು ಕಾಲದಲ್ಲಿ ಕರ್ನಾಟಕದ ಲಯನ್ಸ್ ಎಲ್ಲವೂ 324-ಡಿ ಎಂಬ ಗುರುತಿನ ಕೆಳಗಿತ್ತು. ತಮಿಳುನಾಡು, ಆಂಧ್ರ, ಕೇರಳ ಎಲ್ಲವೂ ಅದೇ 324ರಲ್ಲಿ. ಬೆಳೆದ ಹಾಗೆ ಡಿ-1, ಡಿ-2 ಎಂದು ಹೋಳಾಗುತ್ತ ಬಂತು. ಆಮೇಲೆ 317 ಎಂಬ ಹೊಸ ಅಂಕಿ ಸಿಕ್ಕಿತು. ಅದರೊಳಗೆ ಎ, ಬಿ, ಸಿ, ಡಿ ಎಂದು ಅಕ್ಷರಗಳು ಬೆಳೆದು, ಮೈಸೂರು, ಮಂಡ್ಯ ಕಡೆಯವರು ಈಗ 317-ಜಿ. ಕೆ.ಆರ್. ಪೇಟೆ ತಾಲ್ಲೂಕಿನ ಗಡಿ ದಾಟಿ ಚನ್ನರಾಯಪಟ್ಟಣಕ್ಕೆ ಕಾಲಿಟ್ಟರೆ ಹಾಸನ ಜಿಲ್ಲೆ. ಅಲ್ಲಿನ ಲಯನ್ಸ್ ಮಂಗಳೂರಿನವರ ಜೊತೆ 317-ಡಿ. ನೆಂಟಸ್ತಿಕೆ, ದನದ ಜಾತ್ರೆ, ಬಸ್ಸು ಎಲ್ಲ ಒಂದೇ, ಆದರೆ ಸೇವಾ ಜಿಲ್ಲೆ ಬೇರೆ. ರೋಟರಿಯ ಕಥೆಯೂ ಇದೇ. ಮೈಸೂರು, ಕೊಡಗು, ಕರಾವಳಿ, ಮಲೆನಾಡು ಸೇರಿದ್ದ 3180 ಒಡೆದು 3181, 3182 ಆಯಿತು. ಬೆಂಗಳೂರಿನ 3190 ಒಡೆದು 3191, 3192 ಆಯಿತು.

ಹೀಗೆ ಒಡೆಯುವುದು ಕೆಟ್ಟದ್ದೇ? ನಾನು ಹಾಗೆ ಹೇಳುವುದಿಲ್ಲ. ನಮ್ಮ ಮಂಡ್ಯ ಜಿಲ್ಲೆ ಹುಟ್ಟಿದ್ದೇ ಒಡೆದು. 1939ರ ಜುಲೈ 1ರವರೆಗೆ ನಾವೆಲ್ಲ ಮೈಸೂರು ಜಿಲ್ಲೆಯವರು. ಕನ್ನಂಬಾಡಿ ಕಟ್ಟೆಯ ನೀರು ನಾಲೆಯಲ್ಲಿ ಹರಿದು, 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಬಂದು, ಕಬ್ಬು, ಗಾಡಿ, ಬ್ಯಾಂಕು, ವ್ಯಾಜ್ಯ ಎಲ್ಲ ಹೆಚ್ಚಾದ ಮೇಲೆ ಎಲ್ಲದಕ್ಕೂ ಮೈಸೂರಿಗೆ ಓಡುವುದು ಆಗದ ಮಾತಾಯಿತು. ಏಳು ತಾಲ್ಲೂಕು ಸೇರಿಸಿ ಮಂಡ್ಯ ಜಿಲ್ಲೆ ಮಾಡಿದರು. ಅದರಲ್ಲಿ ನಮ್ಮ ನಾಲ್ಕು, ಅಂದರೆ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಪಾಂಡವಪುರ ಉಪವಿಭಾಗ. ಉಪವಿಭಾಗಾಧಿಕಾರಿಗಳ ಕಚೇರಿಗೆ ಜಮೀನಿನ ತಕರಾರು ಹಿಡಿದು ಅಲೆದವರು ಇಲ್ಲಿ ಬಹಳ ಮಂದಿ ಇದ್ದೀರಿ.

ಈ ನಾಲ್ಕೂ ಒಂದೇ ಥರದವಲ್ಲ ಎಂಬುದನ್ನು ಮೈಸೂರಿನಲ್ಲಿ ಕುಳಿತು ನಕ್ಷೆ ನೋಡುವವರು ಮರೆಯುತ್ತಾರೆ. ಶ್ರೀರಂಗಪಟ್ಟಣ ಹೆದ್ದಾರಿಯ ಮೇಲೆ, ರೈಲಿನ ಮೇಲೆ ಕುಳಿತಿದೆ. ಮೈಸೂರಿನವರು ಬೆಳಿಗ್ಗೆ ಬಂದು ಕ್ಯಾಂಪು ಮಾಡಿ ಮಧ್ಯಾಹ್ನ ಮನೆಯಲ್ಲಿ ಊಟ ಮಾಡಬಹುದು. ಪಾಂಡವಪುರಕ್ಕೆ ಸಹಕಾರಿ ಸಕ್ಕರೆ ಕಾರ್ಖಾನೆ ಇತ್ತು, ನಾಲೆ ನೀರಿತ್ತು, ಸಂಬಳದವರಿದ್ದರು. ಕೆ.ಆರ್. ಪೇಟೆ ಪಟ್ಟಣಕ್ಕೆ ರೈಲಿಲ್ಲ. ತಾಲ್ಲೂಕಿನವರು ರೈಲು ನೋಡಬೇಕಾದರೆ ಅಕ್ಕಿಹೆಬ್ಬಾಳಿಗೋ ಮಂದಗೆರೆಗೋ ಹೋಗಬೇಕು. ನಾಗಮಂಗಲ ಒಣ ಸೀಮೆ. ಹಿತ್ತಾಳೆ, ಕಂಚಿನ ಕೆಲಸಕ್ಕೆ ಹೆಸರಾದ ಊರು, ಆದರೆ ಮಳೆ ಕೈಕೊಟ್ಟರೆ ಜನ ಬೆಂಗಳೂರಿನ ಬಸ್ಸು ಹತ್ತುತ್ತಾರೆ. ಬಿ.ಜಿ. ನಗರದಲ್ಲಿ ಆದಿಚುಂಚನಗಿರಿಯ ವೈದ್ಯಕೀಯ ಕಾಲೇಜು ಬಂದ ಮೇಲೆ ಆ ಕಡೆ ಆಸ್ಪತ್ರೆಗೆ ಪರದಾಡುವುದು ಎಷ್ಟೋ ತಪ್ಪಿತು.

ಈಗ ಲೆಕ್ಕ ಹಾಕಿ. ನಾಲ್ಕು ತಾಲ್ಲೂಕಿನಲ್ಲಿ ತಲಾ ಒಂದು ಕ್ಲಬ್ಬಿದ್ದರೆ ಸರಿಯಾಗಿ ಒಂದು ವಲಯ. ಒಂದು ಮುಚ್ಚಿತೋ, ವಲಯವೇ ಇಲ್ಲ. ಉಳಿದ ಮೂರನ್ನು ಮಂಡ್ಯಕ್ಕೋ ಮೈಸೂರಿಗೋ ಅಂಟಿಸಬೇಕು. ಒಂಬತ್ತಾದರೆ ಎರಡು ವಲಯ, ಇಬ್ಬರು ಅಧ್ಯಕ್ಷರು. ಇಡೀ ಜಿಲ್ಲೆಯ ಲೆಕ್ಕವೂ ಹೀಗೆಯೇ. 35 ಕ್ಲಬ್ಬಿನಲ್ಲಿ 1250 ಜನ ಎಂದರೆ ಒಂದೊಂದರಲ್ಲಿ ಮೂವತ್ತಾರು ಜನ ಇರಬೇಕು. ಇಪ್ಪತ್ತೇ ಜನರ ಸಣ್ಣ ಕ್ಲಬ್ಬುಗಳಾದರೆ 63 ಬೇಕು. ಹಾಗಾಗಿ ಜಿಲ್ಲೆ ಒಡೆಯುವ ಮಾತು ಬಂದ ಕೂಡಲೇ ಹೊಸ ಕ್ಲಬ್ಬುಗಳಿಗೆ ಬೇಡಿಕೆ ಏರುತ್ತದೆ. ಇದರಲ್ಲಿ ಒಳ್ಳೆಯದೂ ಇದೆ. ಹಿಂದೆ ಬೆಂಗಳೂರಿನ ದೊಡ್ಡ ವಕೀಲರಿಗೆ ಮಾತ್ರ ಸಿಗುತ್ತಿದ್ದ ಜವಾಬ್ದಾರಿ ಇಂದು ತಾಲ್ಲೂಕಿನ ಒಬ್ಬ ಉಪನ್ಯಾಸಕರಿಗೆ, ಒಬ್ಬ ಅಂಗಡಿಯವರಿಗೆ ಸಿಗುತ್ತದೆ. ಅವರಿಗೆ ಊರಿನ ಕಷ್ಟ ಗೊತ್ತು. ಆದರೆ ಸಂಖ್ಯೆಗಾಗಿ ಹುಟ್ಟಿದ ಕ್ಲಬ್ಬು ಪದಗ್ರಹಣದ ಫೋಟೋ ಆಚೆಗೆ ಉಳಿಯುವುದು ಕಷ್ಟ. ನಮ್ಮ ತಾಲ್ಲೂಕು ಕೇಂದ್ರಗಳ ರಸ್ತೆ ಬದಿಯಲ್ಲಿ ಲಯನ್ಸ್, ರೋಟರಿ, ಜೇಸಿ, ನಮ್ಮ ದೇಶದಲ್ಲೇ ಹುಟ್ಟಿದ ಅಲಯನ್ಸ್ ಎಂದು ಎಷ್ಟು ಬೋರ್ಡುಗಳಿವೆ ನೋಡಿ. ಕೆಲವು ಬೋರ್ಡುಗಳ ಹಿಂದೆ ಚೆನ್ನಾಗಿ ನಡೆಯುವ ಸಂಸ್ಥೆ ಇದೆ. ಕೆಲವು ಕಡೆ ಬೋರ್ಡು ಮಾತ್ರ ಇದೆ.

ನಾನು ಮಾಡುವುದು ಸಾಫ್ಟ್‌ವೇರ್ ಕೆಲಸ. ನಮ್ಮಲ್ಲಿ ಒಂದು ಸರ್ವರಿನ ಮೇಲೆ ಭಾರ ಹೆಚ್ಚಾದರೆ ಅದರಲ್ಲಿರುವ ಮಾಹಿತಿಯನ್ನು ಎರಡು ಭಾಗ ಮಾಡಿ ಇನ್ನೊಂದು ಸರ್ವರಿಗೆ ಹಾಕುತ್ತೇವೆ. ಭಾಗ ಮಾಡುವುದು ದೊಡ್ಡ ವಿದ್ಯೆಯಲ್ಲ. ಭಾಗ ಮಾಡುವ ಹೊತ್ತಿನಲ್ಲಿ ಅರ್ಧಕ್ಕೆ ನಿಂತಿರುವ ಕೆಲಸಗಳಿರುತ್ತವಲ್ಲ, ದುಡ್ಡು ಈ ಖಾತೆಯಿಂದ ಹೊರಟಿದೆ, ಆ ಖಾತೆಗೆ ಇನ್ನೂ ಸೇರಿಲ್ಲ, ಅಂಥವನ್ನು ಕಳೆಯದೆ ದಾಟಿಸುವುದೇ ಕಷ್ಟ. ರಾತ್ರಿಯೆಲ್ಲ ಎದ್ದು ಕೂರುವುದು ಅದಕ್ಕೆ.

ಸೇವಾ ಸಂಸ್ಥೆಗಳಲ್ಲೂ ಹಾಗೆ ಅರ್ಧಕ್ಕೆ ನಿಂತ ಕೆಲಸ ಇರುತ್ತದೆ. ಲಯನ್ಸ್ ಆಗಲಿ ರೋಟರಿ ಆಗಲಿ, ವರ್ಷ ಮುಗಿಯುವುದು ಜೂನ್ 30ಕ್ಕೆ. ಜುಲೈ ಹೊತ್ತಿಗೆ ಅಧ್ಯಕ್ಷರು, ಕಾರ್ಯದರ್ಶಿ, ಗವರ್ನರ್ ಎಲ್ಲ ಹೊಸಬರು. ಜಿಲ್ಲೆ ಒಡೆಯುವುದೂ ಅದೇ ಹೊತ್ತಿಗೆ. ನಮ್ಮ ಶಾಲೆ ತೆರೆಯುವುದು ಜೂನ್ ಆಸುಪಾಸಿನಲ್ಲಿ. ಅಂದರೆ ನಮ್ಮ ವರ್ಷ ಶುರುವಾಗುವಾಗ ಅವರ ವರ್ಷ ಮುಗಿಯುತ್ತಿರುತ್ತದೆ.

ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ಜೂನ್ ತಿಂಗಳಲ್ಲಿ ಒಂದು ಸೇವಾ ಸಂಸ್ಥೆಯವರು ಬಂದು ನಮ್ಮೆಲ್ಲರ ಕಣ್ಣು ತಪಾಸಣೆ ಮಾಡಿಸಿದರು. ಆ ಸಂಸ್ಥೆಯ ಹೆಸರು ಬೇಡ. ಹನ್ನೊಂದು ಮಕ್ಕಳಿಗೆ ಕನ್ನಡಕ ಬೇಕು ಎಂದು ಪಟ್ಟಿ ಆಯಿತು. ನನ್ನ ಬೆಂಚಿನವನೂ ಅದರಲ್ಲಿದ್ದ. ಅವನು ಬೋರ್ಡು ಕಾಣದೆ ನನ್ನ ನೋಟ್‌ಬುಕ್ ನೋಡಿ ಬರೆಯುತ್ತಿದ್ದ, ದಡ್ಡ ಎಂದು ಎಲ್ಲರಿಂದ ಅನ್ನಿಸಿಕೊಂಡಿದ್ದ. ಹದಿನೈದು ದಿನದಲ್ಲಿ ಕನ್ನಡಕ ಬರುತ್ತದೆ ಎಂದಿದ್ದರು. ಜುಲೈ ಬಂತು. ಪದಾಧಿಕಾರಿಗಳು ಬದಲಾದರು. ವಲಯವೂ ಬದಲಾಗಿತ್ತು. ಹಳಬರು ಹೊಸಬರನ್ನು ಕೇಳಿ ಎಂದರು. ಹೊಸಬರ ಹತ್ತಿರ ಪಟ್ಟಿ ಇರಲಿಲ್ಲ. ಯಾರಲ್ಲೂ ದುರುದ್ದೇಶ ಇರಲಿಲ್ಲ, ಇದನ್ನು ಒತ್ತಿ ಹೇಳುತ್ತೇನೆ. ಪಟ್ಟಿ ಇಬ್ಬರ ನಡುವೆ ಎಲ್ಲೋ ಬಿದ್ದುಹೋಗಿತ್ತು.

ನಮ್ಮ ಗಣಿತದ ಮೇಷ್ಟ್ರು ಮಾತ್ರ ಹಾಜರಿ ಪುಸ್ತಕದ ಕೊನೆಯ ಹಾಳೆಯಲ್ಲಿ ಆ ಹನ್ನೊಂದು ಹೆಸರು, ಎದುರಿಗೆ ಎಡಗಣ್ಣು, ಬಲಗಣ್ಣಿನ ಅಂಕಿ ಬರೆದುಕೊಂಡಿದ್ದರು. ಎರಡು ಶನಿವಾರ ಬೆಳಗಿನ ಶಾಲೆ ಮುಗಿಸಿ, ಎರಡು ಬಸ್ಸು ಬದಲಿಸಿ ಮಂಡ್ಯಕ್ಕೆ ಹೋಗಿ, ಹೊಸ ಕಾರ್ಯದರ್ಶಿಯ ಮನೆ ಹುಡುಕಿ ಕುಳಿತರಂತೆ. ದಸರಾ ರಜೆಗೆ ಮುಂಚೆ ಕನ್ನಡಕಗಳು ಬಂದವು. ಮೇಷ್ಟ್ರು ಇಲ್ಲೇ ವೇದಿಕೆಯ ಮೇಲಿದ್ದಾರೆ. ಹೆಸರು ಹೇಳಬೇಡವೋ ಎಂದು ಬೆಳಿಗ್ಗೆಯೇ ಗದರಿದ್ದಾರೆ, ಹೇಳುವುದಿಲ್ಲ. ನನ್ನ ಬೆಂಚಿನವನು ಮುಂದೆ ಐಟಿಐ ಮಾಡಿ ಈಗ ಸ್ವಂತ ವರ್ಕ್‌ಶಾಪ್ ಇಟ್ಟಿದ್ದಾನೆ. ಇವತ್ತಿನ ಶಾಮಿಯಾನದ ಖರ್ಚು ಅವನದು.

ದೊಡ್ಡ ಸಂಸ್ಥೆಗಳ ಶಕ್ತಿಯನ್ನು ನಾನು ಕಡಿಮೆ ಮಾಡಿ ಹೇಳುತ್ತಿಲ್ಲ. ಪೋಲಿಯೋ ವಿಷಯ ತೆಗೆದುಕೊಳ್ಳಿ. 1985ರಲ್ಲಿ ರೋಟರಿ ಅದನ್ನು ಕೈಗೆತ್ತಿಕೊಂಡಿತು. 1995ರಿಂದ ಸರ್ಕಾರದ ಪಲ್ಸ್ ಪೋಲಿಯೋ ಭಾನುವಾರಗಳು ಬಂದವು. ಇದೇ ಕಟ್ಟಡದ ಜಗಲಿಯಲ್ಲಿ ಬೂತು ಇರುತ್ತಿತ್ತು, ಅಂಗನವಾಡಿಯವರು, ಆರೋಗ್ಯ ಸಹಾಯಕಿಯರು, ನಮ್ಮ ಮೇಷ್ಟ್ರುಗಳು ಕೂರುತ್ತಿದ್ದರು. 2011ರ ಜನವರಿಯ ನಂತರ ದೇಶದಲ್ಲಿ ವೈಲ್ಡ್ ಪೋಲಿಯೋ ವೈರಸ್ಸಿನ ಹೊಸ ಪ್ರಕರಣ ಬರಲಿಲ್ಲ, 2014ರ ಮಾರ್ಚ್‌ನಲ್ಲಿ ಪ್ರಮಾಣಪತ್ರ ಸಿಕ್ಕಿತು. ಈ ಕೆಲಸ ಯಾವ ಊರಿನ ಸಂಘವೂ ಒಂಟಿಯಾಗಿ ಮಾಡುವಂಥದ್ದಲ್ಲ. ಹಣ, ಲಸಿಕೆ, ದೇಶ ದೇಶಗಳ ಸರ್ಕಾರದ ಜೊತೆ ಮಾತುಕತೆ ಎಲ್ಲ ಬೇಕಿತ್ತು. ಹಾಗೆಯೇ ಯಾವ ಮನೆಯಲ್ಲಿ ಯಾವ ಕೂಸು ತಪ್ಪಿಸಿಕೊಂಡಿದೆ ಎಂದು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿಹೋದವರೂ ಬೇಕಿತ್ತು.

ಹಾಗಾಗಿ ನಮ್ಮ ಸಂಘದ ಪ್ರಶ್ನೆಗೆ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಸನ್ನದು ಈಗಲೇ ಬೇಡ. ಎರಡು ವರ್ಷ ತಡೆಯೋಣ. ನಾವು ಇಂದು ಕ್ಲಬ್ಬಾದರೆ ನಾಳೆ ವಾರ್ಷಿಕ ಶುಲ್ಕ, ಪದಗ್ರಹಣ, ಗವರ್ನರ್ ಭೇಟಿ, ಇದರಲ್ಲೇ ಅರ್ಧ ಶಕ್ತಿ ಹೋಗುತ್ತದೆ. ಜಿಲ್ಲೆ ಮತ್ತೆ ಒಡೆದರೆ ನಾವು ಯಾವ ವಲಯಕ್ಕೆ ಬೀಳುತ್ತೇವೋ ಅದು ನಮ್ಮ ಕೈಯಲ್ಲಿಲ್ಲ. ನಮ್ಮ ಶಾಲೆ ಮಾತ್ರ ಎಲ್ಲಿಗೂ ಹೋಗುವುದಿಲ್ಲ. ಐವತ್ತು ವರ್ಷದಿಂದ ಇದೇ ಹುಣಸೆಮರದ ಪಕ್ಕದಲ್ಲಿದೆ.

ಆ ಎರಡು ವರ್ಷದಲ್ಲಿ ಒಂದೇ ಕೆಲಸ ಮಾಡೋಣ. ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿ ಒಂದು ದಪ್ಪ ರಿಜಿಸ್ಟರ್ ಇಡೋಣ. ಯಾವ ಕ್ಲಬ್ಬು ಬರಲಿ, ಸರ್ಕಾರದ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಬರಲಿ, ಅವರು ಪರೀಕ್ಷೆ ಮಾಡಿದ ಮಗುವಿನ ಹೆಸರು, ಏನು ಬೇಕು, ಯಾರು ಕೊಡುತ್ತೇನೆ ಎಂದರು, ಯಾವತ್ತು ಕೈಗೆ ಬಂತು, ಇಷ್ಟು ಬರೆಯಬೇಕು. ಅದರ ನಕಲು ನಾನು ಕಂಪ್ಯೂಟರಿನಲ್ಲಿ ಇಡುತ್ತೇನೆ, ಆದರೆ ಮುಖ್ಯವಾದದ್ದು ಆ ಪುಸ್ತಕ. ಕರೆಂಟು ಹೋದರೂ ಅದು ತೆರೆಯುತ್ತದೆ. ನಾಲ್ಕೂ ತಾಲ್ಲೂಕಿನಲ್ಲಿ ನಮ್ಮ ಹಳೆಯ ವಿದ್ಯಾರ್ಥಿಗಳಿದ್ದಾರೆ. ಶ್ರೀರಂಗಪಟ್ಟಣದಲ್ಲಿ ಇರುವವರು ಮೈಸೂರಿನ ಆಸ್ಪತ್ರೆಗಳ ಕಡೆ, ನಾಗಮಂಗಲದವರು ಬಿ.ಜಿ. ನಗರದ ಕಡೆ ವಿಚಾರಿಸಲಿ. ಕೊನೆಯ ಕಾಲಂ ಖಾಲಿ ಇರುವ ಹೆಸರುಗಳನ್ನು ಪ್ರತಿ ಜುಲೈ ಮೊದಲ ವಾರ ಹೊಸ ಪದಾಧಿಕಾರಿಗಳ ಮನೆಗೆ ತೆಗೆದುಕೊಂಡು ಹೋಗೋಣ. ಅವರು ಹೊಸ ಹುಮ್ಮಸ್ಸಿನಲ್ಲಿರುತ್ತಾರೆ, ಇಲ್ಲ ಎನ್ನುವುದಿಲ್ಲ.

ಸನ್ನದು ಬೇಕು ಎನ್ನುವ ಗೆಳೆಯರು ಒಂದು ಮಾತು ಕೇಳಬಹುದು, ಹಾಗಾದರೆ ಮಕ್ಕಳಿಗೆ ಏನು ಸಿಕ್ಕಿತು ಎಂದು. ಅದಕ್ಕೂ ದಾರಿ ಇದೆ. ಲಯನ್ಸ್‌ನ ಲಿಯೋ ಕ್ಲಬ್ ಹುಟ್ಟಿದ್ದು 1957ರಲ್ಲಿ ಅಮೆರಿಕದ ಒಂದು ಹೈಸ್ಕೂಲಿನಲ್ಲಿ, ಆ ಶಾಲೆಯ ಬೇಸ್‌ಬಾಲ್ ತಂಡದ ಹುಡುಗರಿಂದ. ರೋಟರಿಯ ಇಂಟರಾಕ್ಟ್ 1962ರಲ್ಲಿ ಬಂತು, ಅದು 12ರಿಂದ 18 ವರ್ಷದವರಿಗೆ. ನಮ್ಮ ಕಬಡ್ಡಿ ತಂಡದ ಮಕ್ಕಳಿಗೆ ಮನಸ್ಸಿದ್ದರೆ, ಹತ್ತಿರದ ಯಾವ ಕ್ಲಬ್ಬಾದರೂ ಜೊತೆಗೆ ನಿಲ್ಲುತ್ತದೆ. ದೊಡ್ಡವರು ಪದವಿಗಾಗಿ ಕಿತ್ತಾಡುವ ಮುಂಚೆ ಮಕ್ಕಳು ಆ ರಿಜಿಸ್ಟರ್ ಬರೆಯುವುದನ್ನು ಕಲಿಯಲಿ.

ನವೆಂಬರಿನಲ್ಲಿ ಮೊದಲ ಕಣ್ಣು ತಪಾಸಣೆ ಇಟ್ಟುಕೊಳ್ಳುವುದಕ್ಕೆ ಮುಖ್ಯೋಪಾಧ್ಯಾಯರು ಒಪ್ಪಿದ್ದಾರೆ. ರಿಜಿಸ್ಟರ್ ನಾನು ತಂದಿದ್ದೇನೆ. ಮೊದಲ ಪುಟದಲ್ಲಿ ಗೆರೆ ಎಳೆದುಕೊಟ್ಟವರು ನಮ್ಮ ಗಣಿತದ ಮೇಷ್ಟ್ರೇ. ಓಡಾಡುವುದಕ್ಕೆ ತಾಲ್ಲೂಕಿಗೆ ಇಬ್ಬರಂತೆ ಎಂಟು ಜನ ಬೇಕು, ಅದರಲ್ಲಿ ನಾಲ್ವರಾದರೂ ಹೆಣ್ಣುಮಕ್ಕಳು ಇರಲಿ. ಊಟ ಮುಗಿಸಿಕೊಂಡು ಎಂಟನೇ ತರಗತಿ ಬಿ ವಿಭಾಗದ ಕೊಠಡಿಗೆ ಬನ್ನಿ, ಹೆಸರು ಬರೆದುಕೊಳ್ಳುತ್ತೇವೆ.